ಅಮೇರಿಕೆಯ ಹತ್ತಿಯೂ ನಮ್ಮ ಎರೆಯ ಹೊಲವೂ

ಅಮ್ಮಿನಬಾವಿಯ ಎರೆಯ ಹೊಲಗಳಲ್ಲಿ ಹತ್ತಿ ಒಡೆದಾಗ ಅದನ್ನು ಬಿಡಿಸುವ ಕೈಗಳು ಹೆಚ್ಚಾಗಿ ಹೆಣ್ಣುಮಕ್ಕಳವೆಂಬುದನ್ನು ನಮ್ಮ ಪಾಲಕರೆಲ್ಲರೂ ಬಲ್ಲರು. ಈ ಬೆಳೆಗೂ ದೂರದ ಅಮೇರಿಕೆಗೂ ಇರುವ ಹಳೆಯ ಸಂಬಂಧವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆನು.

1776ರಲ್ಲಿ ಆ ದೇಶವು ಮನುಷ್ಯರೆಲ್ಲರೂ ಸಮಾನರೆಂದು ಸಾರಿ ಸ್ವತಂತ್ರವಾಯಿತು. ಆದರೂ 1790ರ ಜನಗಣತಿಯಲ್ಲಿ ಅಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. ಆಗ ಹತ್ತಿಯ ಕಾಳನ್ನು ಕೈಯಿಂದ ಬೇರ್ಪಡಿಸುವವರಿಗೆ ದಿನವಿಡೀ ದುಡಿದರೆ ಒಂದು ರತ್ತಲು ಅರಳೆ ಸಿಕ್ಕುತ್ತಿತ್ತು. 1793ರಲ್ಲಿ ಏಲಿ ವ್ಹಿಟ್ನಿ ಎಂಬವನು ಜಿನ್ ಯಂತ್ರವನ್ನು ನಿರ್ಮಿಸಿದನು. ತಿರುಗುವ ಉರುಳೆಯ ಹಲ್ಲುಗಳು ಇಕ್ಕಟ್ಟಾದ ಸಂದುಗಳೊಳಗಿಂದ ಅರಳೆಯನ್ನು ಎಳೆದುಕೊಳ್ಳುವವು. ಕಾಳು ಹಿಂದೆ ಉಳಿಯುವುದು. ದಿನಕ್ಕೆ 50 ರತ್ತಲು ಹಸನಾಗತೊಡಗಿತು.

ಇದರಿಂದ ದುಡಿಯುವವರ ಭಾರವು ಇಳಿದಿರಬೇಕೆಂದು ತೋರಬಹುದು. ಆದದ್ದೇ ಬೇರೆ. ಲಾಭವನ್ನು ಕಂಡ ಒಡೆಯರು ಹೊಸ ಹೊಲಗಳನ್ನು ಮಾಡಿದರು. 1860ಕ್ಕೆ ಗುಲಾಮರ ಸಂಖ್ಯೆಯು 39 ಲಕ್ಷವನ್ನು ಮೀರಿತು. ಮಕ್ಕಳನ್ನು ತಾಯಂದಿರಿಂದ ಅಗಲಿಸಿ ಮಾರುತ್ತಿದ್ದರು. ದಕ್ಷಿಣದ ಕೆಲವು ಸಂಸ್ಥಾನಗಳಲ್ಲಿ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು.

ಅದೇ ಹತ್ತಿಯನ್ನು ಉತ್ತರದ ಲೋವೆಲ್ ಊರಿನ ಗಿರಣಿಗಳು 1823ರಿಂದ ನೂಲತೊಡಗಿದವು. ಒಕ್ಕಲು ಮನೆತನಗಳ ಹುಡುಗಿಯರು ಮನೆಯ ರಾಟಿಯನ್ನು ಬಿಟ್ಟು ಅಲ್ಲಿ ಕೂಲಿಗೆ ನಿಂತರು. ಅವರ ದುಡಿಮೆಯೂ 12 ತಾಸಿಗೆ ಕಡಿಮೆಯಿರಲಿಲ್ಲ. ಆದರೆ ಅವರು ಓದು ಬಲ್ಲವರು. 1840ರಿಂದ ಅವರ ಬರಹಗಳ ಪತ್ರಿಕೆಯೊಂದು ಹೊರಟಿತು. ಮುಂದೆ 10 ತಾಸಿನ ದುಡಿಮೆಯನ್ನು ಬೇಡಿ ಶಾಸನಸಭೆಗೆ ಅರ್ಜಿಗಳನ್ನು ಸಲ್ಲಿಸಿದರು. ಬೇಡಿದ್ದು ಆಗಲೇ ದೊರೆಯಲಿಲ್ಲ. ಆದರೂ ತಮ್ಮ ಕಷ್ಟವನ್ನು ತಾವೇ ಬರೆದು ಹೇಳಿದ್ದು ಸಣ್ಣ ಮಾತಲ್ಲ.

1840ರ ದಶಕದಲ್ಲಿ ಕಂಪನಿ ಸರಕಾರವು ಆ ದೇಶದ ಹತ್ತಿಬೀಜವನ್ನೂ ಜಿನ್ ಯಂತ್ರವನ್ನೂ ಧಾರವಾಡ ಸೀಮೆಗೆ ತಂದಿತು. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು ಇಂಗ್ಲಂಡಿನ ಗಿರಣಿಗಳಿಗೆ ಹತ್ತಿ ದುರ್ಲಭವಾಗಲು, ನಮ್ಮ ಹತ್ತಿಯ ಬೆಲೆಯು ಬಹಳವಾಗಿ ಏರಿತು. 1865ರಲ್ಲಿ ಯುದ್ಧವು ಮುಗಿದು ಗುಲಾಮಗಿರಿಯು ರದ್ದಾಯಿತು. ಇಲ್ಲಿಯ ಬೆಲೆಯು ಕುಸಿಯಿತು. ನಮ್ಮ ಒಕ್ಕಲಿಗನ ಏಳುಬೀಳು ಅವನು ಕಾಣದ ದೇಶದ ಕಣ್ಣೀರಿನೊಡನೆ ಹೀಗೆ ಹೆಣೆದುಕೊಂಡಿತ್ತು.

ಯಂತ್ರವು ತಾನಾಗಿ ಯಾರನ್ನೂ ಬಿಡುಗಡೆ ಮಾಡಲಿಲ್ಲ. ಅಕ್ಷರವೊಂದರಿಂದಲೇ ಎಲ್ಲವೂ ಆಗದು. ಆದರೆ ಅಕ್ಷರವನ್ನು ಕಂಡು ಒಡೆಯರು ಏಕೆ ಅಂಜಿದರೆಂಬುದನ್ನು ನಾವು ವಿಚಾರಿಸಬೇಕು. ಹತ್ತಿ ಬಿಡಿಸುವ ದಿನಗಳಲ್ಲಿ ನಮ್ಮ ವರ್ಗಗಳಲ್ಲಿ ಕೆಲವು ಜಾಗಗಳು ಬರಿದಾಗುವುದುಂಟು. ಮನೆಯ ಅಡಚಣೆಯನ್ನು ನಾನು ಅರಿಯದವಳಲ್ಲ. ಆದರೂ ಪಾಲಕರೇ, ಹಳೆಯ ವಿದ್ಯಾರ್ಥಿನಿಯರಾದ ತಾಯಂದಿರೇ, ಆ ಜಾಗಗಳನ್ನು ಬರಿದಾಗಗೊಡಬೇಡಿರೆಂದು ವಿನಂತಿಸುವೆನು.