ಆಜ್ಞೆಯ ವೇಗವೂ ಯಂತ್ರದ ವೇಗವೂ

ಮುಂಬಯಿಯ ಲೋಕಲ್ ರೈಲಿನಲ್ಲಿ ದಿನವೂ ಸಂಚರಿಸುವವರಿಗೆ ಒಂದು ತತ್ತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ಬಂಡಿ ಎಷ್ಟೇ ಬಲಶಾಲಿಯಾಗಿರಲಿ, ಪ್ರತಿ ನಿಲ್ದಾಣದಲ್ಲಿಯೂ ನಿಲ್ಲಬೇಕಾದ ಸ್ಲೋ ಲೋಕಲ್ ತನ್ನ ಪೂರ್ಣ ವೇಗವನ್ನು ಮುಟ್ಟುವುದರೊಳಗೆ ಮುಂದಿನ ನಿಲ್ದಾಣ ಬಂದಿರುತ್ತದೆ. ವೇಗ ಹಿಡಿಯುವ ಮೊದಲೇ ಬ್ರೇಕು ಹಾಕಬೇಕಾಗುತ್ತದೆ. ಗಣಕಯಂತ್ರದ ಹತೋಟಿಯಲ್ಲಿ ಲೋಹವನ್ನು ಕಡೆಯುವ ಸಿ.ಎನ್.ಸಿ. ಯಂತ್ರಗಳ ಗುಟ್ಟೂ ಇದೇ ಆಗಿದೆ. ಪುಣೆಯ ಭೋಸರಿ, ಚೆನ್ನೈನ ಅಂಬತ್ತೂರು, ಹೈದರಾಬಾದಿನ ಬಾಲಾನಗರಗಳಂತಹ ಕೈಗಾರಿಕಾ ಪ್ರದೇಶಗಳಲ್ಲಿ ಇಂತಹ ಯಂತ್ರಗಳ ಮುಂದೆ ನಿಂತು ದುಡಿಯುವವರಿಗೆ ಈ ಗುಟ್ಟನ್ನು ಅರಿಯುವುದು ಕೇವಲ ಕುತೂಹಲದ ವಿಷಯವಲ್ಲ; ಅವರ ದಿನದ ಲೆಕ್ಕ ಅದರ ಮೇಲೆಯೇ ನಿಂತಿದೆ.

ಅಂಕೆಗಳಿಂದ ಯಂತ್ರವನ್ನು ನಡೆಸುವ ವಿಚಾರ ಅಮೆರಿಕದಲ್ಲಿ ಹುಟ್ಟಿತು. ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬವರು, ವಕ್ರರೇಖೆಯ ಮೇಲಿನ ಬಿಂದುಗಳನ್ನು ಲೆಕ್ಕ ಹಾಕಿ, ಆ ಅಂಕೆಗಳಂತೆಯೇ ಉಪಕರಣವನ್ನು ಚಲಿಸುವಂತೆ ಮಾಡಬೇಕೆಂದು ಯೋಚಿಸಿದರು. 1952ರಲ್ಲಿ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯವು ಅಂತಹ ಮಿಲ್ಲಿಂಗ್ ಯಂತ್ರವೊಂದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿತು. ಅಂದು ರಂಧ್ರ ಕೊರೆದ ಕಾಗದದ ಪಟ್ಟಿಯಲ್ಲಿ ಬರುತ್ತಿದ್ದ ಆಜ್ಞೆಗಳು ಇಂದು ಸಾಲುಸಾಲಾದ ‘ಜಿ-ಕೋಡ್’ ರೂಪದಲ್ಲಿ ಬರುತ್ತವೆ. ಯಾವ ಬಿಂದುವಿಗೆ ಹೋಗಬೇಕು ಎಂಬುದರ ಜೊತೆಗೆ, ನಿಮಿಷಕ್ಕೆ ಎಷ್ಟು ಮಿಲಿಮೀಟರು ವೇಗದಲ್ಲಿ ಹೋಗಬೇಕು ಎಂಬುದನ್ನೂ ‘ಎಫ್’ ಅಕ್ಷರದ ಮುಂದೆ ಬರೆಯಲಾಗುತ್ತದೆ. ಇದಕ್ಕೆ ಫೀಡ್ ಎಂದು ಹೆಸರು.

ಬರೆದ ವೇಗ, ನಡೆದ ವೇಗ

ಎಫ್ 6000 ಎಂದು ಬರೆದ ಮಾತ್ರಕ್ಕೆ ಯಂತ್ರವು ಆ ವೇಗದಲ್ಲಿ ಓಡುತ್ತದೆಯೆಂದು ಭಾವಿಸುವುದು ತಪ್ಪು. ಅದು ಗರಿಷ್ಠ ಮಿತಿಯೇ ಹೊರತು ಆಶ್ವಾಸನೆಯಲ್ಲ. ಭಾರವಾದ ಮೇಜನ್ನು ನಿಶ್ಚಲ ಸ್ಥಿತಿಯಿಂದ ಎಬ್ಬಿಸಿ ಓಡಿಸಲು ಮೋಟಾರಿಗೆ ಕಾಲಾವಕಾಶ ಬೇಕು. ವೇಗವು ಎಷ್ಟು ತ್ವರಿತವಾಗಿ ಏರಬಲ್ಲದೆಂಬುದೇ ವೇಗೋತ್ಕರ್ಷ. ಯಂತ್ರವೊಂದರ ವೇಗೋತ್ಕರ್ಷವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 1000 ಮಿ.ಮೀ. ಎಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ 6000 ಮಿ.ಮೀ. ಎಂದರೆ ಸೆಕೆಂಡಿಗೆ 100 ಮಿ.ಮೀ. ಈ ವೇಗವನ್ನು ಮುಟ್ಟಲು 5 ಮಿ.ಮೀ. ದೂರ, ಮತ್ತೆ ನಿಲ್ಲಲು 5 ಮಿ.ಮೀ. ದೂರ ಬೇಕಾಗುತ್ತದೆ. ಹೀಗೆ ನಿಂತು ಹೊರಟು ಮತ್ತೆ ನಿಲ್ಲುವುದಾದರೆ, 10 ಮಿ.ಮೀ.ಗಿಂತ ಚಿಕ್ಕದಾದ ಗೆರೆಯ ಮೇಲೆ ಯಂತ್ರವು ಬರೆದ ವೇಗವನ್ನು ಎಂದೂ ಕಾಣಲಾರದು.

ಅಚ್ಚುಗಳಲ್ಲಿ ಕಂಡುಬರುವ ಬಾಗಿದ ಮೈಗಳನ್ನು ಪ್ರೋಗ್ರಾಂ ತಯಾರಿಸುವ ಗಣಕಯಂತ್ರವು ಸಾವಿರಾರು ಪುಟ್ಟ ಸರಳರೇಖೆಗಳಾಗಿ ಒಡೆಯುತ್ತದೆ. ಪ್ರತಿ ರೇಖೆಯೂ 0.1 ಮಿ.ಮೀ. ಉದ್ದವಿದ್ದು, ಪ್ರತಿ ರೇಖೆಯ ತುದಿಯಲ್ಲಿಯೂ ಯಂತ್ರ ನಿಂತು ಹೊರಟರೆ, ಅದು ಮುಟ್ಟುವ ಅತ್ಯಧಿಕ ವೇಗ ನಿಮಿಷಕ್ಕೆ 600 ಮಿ.ಮೀ.; ಸರಾಸರಿ ವೇಗ ಕೇವಲ 300. ಕಟ್ಟರ್ ನಡೆಯಬೇಕಾದ ಒಟ್ಟು ದಾರಿ 120 ಮೀಟರಾಗಿದ್ದರೆ, ಕಾಗದದ ಮೇಲಿನ ಲೆಕ್ಕದಂತೆ 20 ನಿಮಿಷಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ 400 ನಿಮಿಷಗಳು, ಅಂದರೆ 6 ಗಂಟೆ 40 ನಿಮಿಷಗಳು ಹಿಡಿಯುತ್ತವೆ. ಇಂತಹ ಸಂದರ್ಭದಲ್ಲಿ ಆಪರೇಟರನ ಮೇಲೆ ಸೋಮಾರಿತನದ ಆರೋಪ ಹೊರಿಸುವುದು ಅನ್ಯಾಯ. ಫೀಡಿನ ತಿರುಗುಗುಂಡಿಯನ್ನು ಶೇಕಡ 150ಕ್ಕೆ ತಿರುಗಿಸಿದರೂ ಫಲವಿಲ್ಲ. ಏಕೆಂದರೆ ತಡೆ ಇರುವುದು ಫೀಡಿನಲ್ಲಲ್ಲ, ವೇಗೋತ್ಕರ್ಷದಲ್ಲಿ.

ಮುಂದಾಲೋಚನೆಯ ಮಹತ್ವ

ಈ ತೊಡಕನ್ನು ಬಿಡಿಸುವುದು ಹತೋಟಿ ತಂತ್ರಾಂಶದಲ್ಲಿರುವ ಪಥಯೋಜಕದ ಕೆಲಸ. ಅದು ಈಗ ನಡೆಯುತ್ತಿರುವ ಸಾಲನ್ನಷ್ಟೇ ಅಲ್ಲ, ಮುಂದೆ ಬರಲಿರುವ ಹಲವಾರು ಸಾಲುಗಳನ್ನೂ ಓದಿ ನೋಡುತ್ತದೆ. ತಾನು ಕಂಡ ಕೊನೆಯ ಬಿಂದುವಿನಲ್ಲಿ ನಿಲ್ಲಬೇಕಾಗಬಹುದೆಂದು ಎಣಿಸಿ, ಅಲ್ಲಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತ, ಪ್ರತಿಯೊಂದು ಸಂಧಿಯನ್ನೂ ಎಷ್ಟು ವೇಗದಲ್ಲಿ ದಾಟಿದರೆ ಕ್ಷೇಮವೆಂದು ನಿರ್ಧರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ನಿಲ್ಲಲು 5 ಮಿ.ಮೀ. ಬೇಕಷ್ಟೆ? ಅಂದರೆ 0.1 ಮಿ.ಮೀ. ಉದ್ದದ 50 ಸಾಲುಗಳನ್ನು ಮುಂದೆ ನೋಡಬಲ್ಲ ಯೋಜಕವು, ದಾರಿ ನೇರವಾಗಿದ್ದರೆ, ಪೂರ್ಣ ವೇಗವನ್ನು ಧೈರ್ಯವಾಗಿ ಉಳಿಸಿಕೊಳ್ಳಬಲ್ಲದು. ಒಂದೇ ಸಾಲನ್ನು ಮುಂದೆ ನೋಡುವ ಯೋಜಕವು ನಿಮಿಷಕ್ಕೆ ಸುಮಾರು 850 ಮಿ.ಮೀ.ಗೆ ತೃಪ್ತಿಪಡಬೇಕು. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶಕ್ಕೆ ಅನೇಕ ಸಾಲುಗಳನ್ನು ಮುನ್ನೋಡುವ ಹೊಸ ಯೋಜಕ ದೊರೆತದ್ದು 2015ರ 2.7ನೆಯ ಆವೃತ್ತಿಯಲ್ಲಿ.

ಆದರೆ ತಿರುವುಗಳಲ್ಲಿ ಬೇರೊಂದು ನಿಯಮವಿದೆ. ವೃತ್ತಾಕಾರದ ದಾರಿಯಲ್ಲಿ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವುದೇ ಅಗತ್ಯವಾದ ವೇಗೋತ್ಕರ್ಷ. 10 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಈ ಯಂತ್ರ ನಿಮಿಷಕ್ಕೆ 6000 ಮಿ.ಮೀ. ವೇಗ ಕಾಯ್ದುಕೊಳ್ಳಬಲ್ಲದು, 2.5 ಮಿ.ಮೀ. ತ್ರಿಜ್ಯದಲ್ಲಿ 3000 ಮಾತ್ರ. ತ್ರಿಜ್ಯವೇ ಇಲ್ಲದ ಚೂಪಾದ ಮೂಲೆಯಲ್ಲಿ ಎರಡೇ ದಾರಿಗಳು: ಪೂರ್ತಿ ನಿಲ್ಲುವುದು, ಇಲ್ಲವೇ ಮೂಲೆಯನ್ನು ಸ್ವಲ್ಪ ಸವರಿ ಹೋಗುವುದು. ಲಿನಕ್ಸ್‌ಸಿಎನ್‌ಸಿಯಲ್ಲಿ ಜಿ-61 ಎಂದರೆ ದಾರಿಯನ್ನು ಕಿಂಚಿತ್ತೂ ಬಿಡಬೇಡವೆಂಬ ಕಟ್ಟಳೆ. ಜಿ-64ರ ಜೊತೆಗೆ ಪಿ 0.02 ಎಂದು ಬರೆದರೆ, 0.02 ಮಿ.ಮೀ.ವರೆಗೆ ಸರಿಯಬಹುದೆಂಬ ಅನುಮತಿ. ಗೇಜಿನಿಂದ ಅಳೆಯುವ ಮೂಲೆಗೆ ಮೊದಲನೆಯದು ಯೋಗ್ಯ. ನಯವಾಗಿರಬೇಕಾದ ಬಾಗಿದ ಮೈಗೆ ಎರಡನೆಯದು.

ನಿಧಾನವೂ ಹಾನಿಕರ

ನಿಧಾನವೇ ಪ್ರಧಾನವೆಂಬ ಗಾದೆ ಇಲ್ಲಿ ಪೂರ್ತಿ ಸಲ್ಲದು. ನಿಮಿಷಕ್ಕೆ 6000 ಸುತ್ತು ತಿರುಗುವ, ನಾಲ್ಕು ಹಲ್ಲುಗಳುಳ್ಳ ಕಟ್ಟರಿಗೆ 1200 ಮಿ.ಮೀ. ಫೀಡ್ ಕೊಟ್ಟರೆ, ಪ್ರತಿ ಹಲ್ಲಿನ ಪಾಲಿಗೆ 0.05 ಮಿ.ಮೀ. ಲೋಹ ಬರುತ್ತದೆ. ಫೀಡ್ 300ಕ್ಕೆ ಇಳಿದರೆ ಅದು 0.0125ಕ್ಕೆ ಕುಗ್ಗುತ್ತದೆ. ಕಟ್ಟರಿನ ಅಂಚು ಎಷ್ಟೇ ಹರಿತವಾಗಿ ಕಂಡರೂ ಅದಕ್ಕೂ ಒಂದು ಸೂಕ್ಷ್ಮ ದುಂಡುತನವಿದೆ. ಪಾಲು ತೀರ ತೆಳುವಾದಾಗ ಅಂಚು ಲೋಹವನ್ನು ಕತ್ತರಿಸದೆ ಉಜ್ಜತೊಡಗುತ್ತದೆ, ಶಾಖವೇಳುತ್ತದೆ, ಅಂಚು ಮೊಂಡಾಗುತ್ತದೆ. ಸ್ಟೇನ್‌ಲೆಸ್ ಉಕ್ಕಿನಂತಹ ಲೋಹಗಳು ಉಜ್ಜಿದಷ್ಟೂ ಗಡುಸಾಗುತ್ತವೆ. ಇದಲ್ಲದೆ, ಕತ್ತರಿಸುವ ಒತ್ತಡಕ್ಕೆ ಕೊಂಚ ಬಾಗಿದ್ದ ಕಟ್ಟರ್, ವೇಗ ಕುಗ್ಗಿದ ಸ್ಥಳದಲ್ಲಿ ನೆಟ್ಟಗಾಗಿ, ಕಣ್ಣಿಗೆ ಕಾಣುವಂತಹ ಗುರುತನ್ನು ಉಳಿಸುತ್ತದೆ.

ಮುರಿದ ಮೂಳೆಯನ್ನು ಕೂಡಿಸಲು ಶಸ್ತ್ರವೈದ್ಯರು ಬಳಸುವ ಟೈಟಾನಿಯಂ ಪಟ್ಟಿಗಳೂ ಇಂತಹ ಯಂತ್ರಗಳಲ್ಲಿ ರೂಪುಗೊಳ್ಳುತ್ತವೆ. ರೋಗಿ ಹೆಜ್ಜೆಯಿಟ್ಟಾಗಲೆಲ್ಲ ಪಟ್ಟಿಯ ಮೇಲೆ ಭಾರ ಬಿದ್ದು ಏಳುತ್ತದೆ. ಹೀಗೆ ಲಕ್ಷಾಂತರ ಸಲ ಭಾರ ಹೊರುವ ಲೋಹದಲ್ಲಿ ಸಣ್ಣ ಗೀರೊಂದು ಬಿರುಕಿಗೆ ಮೊದಲಾಗಬಲ್ಲದು. ಯಂತ್ರದ ಮುಂದೆ ನಿಂತವನ ಎಚ್ಚರವು ಎಂದೂ ಕಾಣದ ಒಬ್ಬ ರೋಗಿಯ ಕಾಲಿಗೆ ಆಸರೆಯಾಗುವುದು ಹೀಗೆ.

ಹಾಗಾದರೆ ಮಾಡಬೇಕಾದುದೇನು? ಕೆಲಸಕ್ಕೆ ಬೇಡದಷ್ಟು ಸೂಕ್ಷ್ಮ ಮಿತಿಯನ್ನು ಪ್ರೋಗ್ರಾಮಿನಲ್ಲಿ ಕೇಳಬಾರದು. 50 ಮಿ.ಮೀ. ತ್ರಿಜ್ಯದ ಕಮಾನಿನಲ್ಲಿ 0.01 ಮಿ.ಮೀ. ತಪ್ಪನ್ನು ಒಪ್ಪಿದರೆ ಒಂದೊಂದು ರೇಖೆ 2 ಮಿ.ಮೀ. ಉದ್ದವಿರಬಲ್ಲದು, 0.001 ಕೇಳಿದರೆ ಅದು ಸುಮಾರು 0.63ಕ್ಕೆ ಇಳಿಯುತ್ತದೆ. ನಿಜವಾದ ವೃತ್ತಖಂಡವಿರುವಲ್ಲಿ ಸರಳರೇಖೆಗಳ ಬದಲು ಜಿ-2, ಜಿ-3 ಆಜ್ಞೆಗಳನ್ನೇ ಬಳಸುವುದು ಲೇಸು. ಅವಸರಪಟ್ಟು ವೇಗೋತ್ಕರ್ಷದ ಅಂಕೆಯನ್ನು ಮನಬಂದಂತೆ ಏರಿಸಬಾರದು. ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪಿದರೆ, ಮರುಸುದ್ದಿ ತರುವ ಅಳತೆಗೋಲಿಲ್ಲದ ಯಂತ್ರಕ್ಕೆ ತನ್ನ ಸ್ಥಾನ ತಪ್ಪಿದುದೇ ತಿಳಿಯದು. ಎಲ್ಲಕ್ಕೂ ಮಿಗಿಲಾಗಿ, ದರ ನಿಗದಿ ಮಾಡುವ ಯಜಮಾನರು ದಾರಿಯ ಉದ್ದವನ್ನು ಫೀಡಿನಿಂದ ಭಾಗಿಸಿ ಸುಮ್ಮನಾಗದೆ, ಮೊದಲ ಜಾಬಿನ ನಿಜವಾದ ಕಾಲವನ್ನು ಗಡಿಯಾರದಿಂದ ಅಳೆದು, ಅದರ ಮೇಲೆ ದುಡಿಮೆಯ ಗುರಿಯನ್ನು ಗೊತ್ತುಮಾಡಬೇಕು. ಯಂತ್ರದ ಶಕ್ತಿಗೂ ದುಡಿಯುವ ಮನುಷ್ಯನಿಗೂ ಆಗ ನ್ಯಾಯ ದೊರೆತೀತು.