ಹುಳಿಯ ನಡುವೆ ಒಂದು ಅರೆ ಗುರುತು

ನಂಜನಗೂಡಿನ ಮನೆಯ ಅಟ್ಟ ಗುಡಿಸುವಾಗ ಹಳೆಯ ಪಂಚಾಂಗಗಳ ಕಟ್ಟಿನೊಳಗೆ ಒಂದು ಸಿ.ಡಿ. ಸಿಕ್ಕಿತು. ಮೇಲೆ ನನ್ನದೇ ಕೈಬರಹ: ‘ಅಜ್ಜಿ ಅಡಿಗೆ, 2003’. ಆ ವರ್ಷ ಅಜ್ಜಿಯ ನೋಟ್‌ಬುಕ್ಕನ್ನು ಡಿ.ಟಿ.ಪಿ. ಅಂಗಡಿಯೊಂದಕ್ಕೆ ಕೊಟ್ಟು, ಪುಟಕ್ಕೆ ಇಷ್ಟು ಎಂದು ದುಡ್ಡು ತೆತ್ತು ಪೂರ್ತಿ ಟೈಪ್ ಮಾಡಿಸಿದ್ದೆ. ಇನ್ನು ಪುಸ್ತಕ ಹರಿದರೂ ಚಿಂತೆಯಿಲ್ಲ ಎಂದು ನಿಶ್ಚಿಂತೆಯಿಂದಿದ್ದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಪರಿಚಯದವರ ಮನೆಯ ಹಳೆಯ ಕಂಪ್ಯೂಟರಿಗೆ ಹಾಕಿದಾಗ ಫೈಲೇನೋ ತೆರೆದುಕೊಂಡಿತು, ಆದರೆ ಅದರಲ್ಲಿ ಒಂದಕ್ಷರ ಕನ್ನಡ ಇರಲಿಲ್ಲ. ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಪರದೇಶಿ ಅಕ್ಷರಗಳೇ ಪುಟದ ತುಂಬ. ಅವುಗಳ ನಡುವೆ ಅಲ್ಲಲ್ಲಿ ಅರ್ಧ ಎಂದು ಸೂಚಿಸುವ ಗಣಿತದ ಗುರುತು, ಒಂದರ ಕೆಳಗೆ ಎರಡು.

ಅರ್ಧ ಚಮಚವೋ ಅರ್ಧ ಪಾವೋ, ಅಳತೆಯಾದರೂ ಉಳಿದಿದೆಯಲ್ಲ ಎಂದುಕೊಂಡೆ. ಅದೂ ಸುಳ್ಳಾಯಿತು. ಆಗ ಚಾಲ್ತಿಯಲ್ಲಿದ್ದ ಅಕ್ಷರ ಸಂಕೇತದಲ್ಲಿ ‘ಳಿ’ ಎಂಬ ಅಕ್ಷರವನ್ನು ಕೂರಿಸಿದ್ದ ಮನೆಗೆ ಇಂಗ್ಲಿಷಿನಲ್ಲಿ ಅರ್ಧದ ಗುರುತು ಸೇರಿತ್ತು. ಅಜ್ಜಿ ‘ಹುಳಿ’ ಎಂದು ಬರೆದ ಕಡೆಯೆಲ್ಲ ಆ ಗುರುತು ಬಂದು ಕೂತಿತ್ತು.

ನೋಟ್‌ಬುಕ್ಕು ಮಾತ್ರ ಇಂದಿಗೂ ಓದಲು ಬರುತ್ತದೆ. ಅಜ್ಜಿಯ ತವರು ತಿರುಮಕೂಡಲು ನರಸೀಪುರ, ಸೇರಿದ ಮನೆ ನಂಜನಗೂಡು. ಕಪಿಲೆ ನಂಜುಂಡೇಶ್ವರನ ಊರನ್ನು ಹಾದು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಜ್ಜಿಯ ಪುಸ್ತಕ ಹೊಳೆಗೆ ಎದುರಾಗಿ ಮೇಲಕ್ಕೆ ಬಂದದ್ದು. ಮೊದಲ ಪುಟಗಳು ಅವಳ ತಾಯಿ ಬಾಯಲ್ಲಿ ಹೇಳಿ ಬರೆಸಿದವು, ಸೀಸದಕಡ್ಡಿಯಲ್ಲಿ. ಆಮೇಲೆ ಮಸಿಯ ಪೆನ್ನು, ಕೊನೆಗೆ ಬಾಲ್‌ಪೆನ್ನು. ಅನುಕ್ರಮ ಎಂಬುದಿಲ್ಲ. ಬಾಣಂತಿ ಸಾರಿನ ಪುಡಿಯ ಪಕ್ಕದಲ್ಲೇ ಗೌರಿ ಹಬ್ಬದ ಒಬ್ಬಟ್ಟು, ಅದರ ಕೆಳಗೆ ಹಾಲಿನವನ ಲೆಕ್ಕ. ಉಪ್ಸಾರಿನ ಖಾರದ ಪುಟದಲ್ಲಿ ಎಣ್ಣೆ ಇಂಗಿ ಕಾಗದ ಪಾರದರ್ಶಕವಾಗಿದೆ, ಆಚೆ ಬದಿಯ ಅಕ್ಷರ ಈಚೆಗೆ ಕಾಣುತ್ತದೆ.

ಅಡಿಗೆಯನ್ನು ಬರೆದು ಜೋಡಿಸಿಡುವ ಹಂಬಲ ನಮ್ಮಲ್ಲಿ ಹೊಸದೇನಲ್ಲ. ಸಾವಿರ ವರ್ಷದ ಹಿಂದೆ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಬಾವಿ, ಮಳೆ, ಮರಗಿಡಗಳ ಜೊತೆಗೆ ಅಡಿಗೆಗೂ ಜಾಗ ಕೊಟ್ಟ. 16ನೇ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ನಮ್ಮ ಜಿಲ್ಲೆಯವನೇ, ಹುಣಸೂರು ಸೀಮೆಯ ಕಲ್ಲಹಳ್ಳಿಯವನು. ಅರಸು ಮನೆತನದ ಈ ಜೈನ ಕವಿ ‘ಸೂಪಶಾಸ್ತ್ರ’ ಎಂಬ ಇಡೀ ಗ್ರಂಥವನ್ನೇ ಅಡಿಗೆಗೆ ಮೀಸಲಿಟ್ಟ, ಅದೂ ಪದ್ಯದಲ್ಲಿ. ಅದನ್ನು ನಾನು ಪಂಡಿತರಂತೆ ಓದಿದವಳಲ್ಲ, ಅಡಿಗೆಮನೆಯವಳಾಗಿ ತಿರುವಿ ಹಾಕಿದೆ. ಹಿಟ್ಟಿನ ತಿಂಡಿಗಳು ಒಂದು ಕಡೆ, ಪಾನಕಗಳು ಒಂದು ಕಡೆ, ಅನ್ನದ ಬಗೆಗಳು ಬೇರೆ, ಬದನೆಕಾಯಿಯದು ಬೇರೆಯೇ ಅಧ್ಯಾಯ. ಬದನೆಗೆ ಅಷ್ಟು ಗೌರವ ಕೊಟ್ಟವನ ಮೇಲೆ ನನಗೆ ಪ್ರೀತಿ ಹುಟ್ಟಿತು. ಯಾವುದನ್ನು ಎಲ್ಲಿ ಇಟ್ಟರೆ ಹುಡುಕುವವರಿಗೆ ಸಿಗುತ್ತದೆ ಎಂದು ಅವನು ಯೋಚಿಸಿದ್ದಾನೆ. ಪದ್ಯವಾದ್ದರಿಂದ ನೆನಪಿನಲ್ಲಿ ನಿಲ್ಲುತ್ತದೆ, ಓಲೆಗರಿಯಲ್ಲಿ ನಕಲಾಗುವಾಗ ಪದ ಬಿಟ್ಟರೆ ಛಂದಸ್ಸು ಕೆಟ್ಟು ತಪ್ಪು ಗೊತ್ತಾಗುತ್ತದೆ. ಐನೂರು ವರ್ಷವಾದ ಮೇಲೂ ಅದನ್ನು ಓದಬಹುದು. ನನ್ನ ಸಿ.ಡಿ. ಇಪ್ಪತ್ತು ವರ್ಷ ತಾಳಲಿಲ್ಲ.

ಕಂಪ್ಯೂಟರನ್ನು ಅಡಿಗೆಮನೆಗೆ ತರುವ ಆಸೆ ಅಮೆರಿಕದಲ್ಲಿ 1969ರಲ್ಲೇ ಕಾಣಿಸಿಕೊಂಡಿತು. ಹನಿವೆಲ್ ಕಂಪನಿಯ ‘ಕಿಚನ್ ಕಂಪ್ಯೂಟರ್’ ನೀಮನ್ ಮಾರ್ಕಸ್ ಎಂಬ ಮಳಿಗೆಯ ಕ್ಯಾಟಲಾಗಿನಲ್ಲಿ 10,600 ಡಾಲರಿಗೆ ಬಂತು. ತರಕಾರಿ ಹೆಚ್ಚುವ ಮಣೆಯೂ ಅದರಲ್ಲೇ ಸೇರಿತ್ತು. ಆದರೆ ಅದಕ್ಕೆ ಏನಾದರೂ ಹೇಳಬೇಕಾದರೆ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಬೇಕು, ಅದರ ಉತ್ತರ ಮಿನುಗುವ ದೀಪಗಳಲ್ಲಿ. ಇದನ್ನು ಕಲಿಸಲು ಎರಡು ವಾರದ ತರಬೇತಿ ಬೇರೆ. ಒಂದಾದರೂ ಮಾರಾಟವಾದ ದಾಖಲೆಯಿಲ್ಲ. ಮುಂದೆ ಮನೆಮನೆಗೆ ಕಂಪ್ಯೂಟರ್ ಬಂದಾಗ ‘ಮೀಲ್ ಮಾಸ್ಟರ್’ ತರಹದ ಪುಟ್ಟ ತಂತ್ರಾಂಶಗಳು ಬಂದವು. ಹೆಸರು, ವರ್ಗ, ಎಷ್ಟು ಜನಕ್ಕೆ, ಸಾಮಗ್ರಿ, ವಿಧಾನ: ಇಂದಿನ ಮೊಬೈಲ್ ಆ್ಯಪುಗಳಿಗೂ ಈ ಐದು ಖಾನೆಗಳೇ ತಳಹದಿ.

ನಮ್ಮ ಕಷ್ಟ ಖಾನೆಗಳದ್ದಲ್ಲ, ಅಕ್ಷರದ್ದು. ಆ ಯಂತ್ರಗಳಿಗೆ ಕನ್ನಡವೇ ಗೊತ್ತಿರಲಿಲ್ಲ. ಗೊತ್ತುಮಾಡಿಸಿದವರನ್ನು ಇಲ್ಲಿ ನೆನೆಯಲೇಬೇಕು. ಕೆ.ಪಿ. ರಾವ್ ಅವರು ವ್ಯಂಜನಕ್ಕೆ ಸ್ವರ ಸೇರಿಸುವ ನಮ್ಮ ಉಚ್ಚಾರದ ಕ್ರಮವನ್ನೇ ಕೀಲಿಮಣೆಗೆ ಇಳಿಸಿದರು. ರಾಜ್ಯ ಸರ್ಕಾರ ಒಪ್ಪಿದ ವಿನ್ಯಾಸಕ್ಕೂ ಅದೇ ತಳಪಾಯ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರ್ ಕನ್ನಡಕ್ಕಾಗಿ ಕೊನೆಯವರೆಗೂ ಹೋರಾಡಿದರು. ಇವರೆಲ್ಲ ಇಲ್ಲದಿದ್ದರೆ ಅಜ್ಜಿಯ ಪುಸ್ತಕ ಟೈಪ್ ಆಗುತ್ತಲೇ ಇರಲಿಲ್ಲ.

ಆ ಕಾಲದ ವ್ಯವಸ್ಥೆಯಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸುವುದು ಅನಿವಾರ್ಯವಾಗಿತ್ತು. ಫಾಂಟು ಜೊತೆಗಿದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟೂ ಬಂತು. ಆದರೆ ಪುಟವಿನ್ಯಾಸದ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡ ಹೊಂದದೆ ಡಿ.ಟಿ.ಪಿ. ಅಂಗಡಿಗಳು ಇನ್ನೂ ಎಷ್ಟೋ ವರ್ಷ ಹಳೆಯ ದಾರಿಯಲ್ಲೇ ನಡೆದವು. ಹೀಗೆ ಆ ವರ್ಷಗಳಲ್ಲಿ ಟೈಪಾದ ಮದುವೆ ಕರೆಯೋಲೆ, ವಂಶಾವಳಿ, ಸಂಘದ ವರದಿ, ಹಾಡಿನ ಪುಸ್ತಕ ಎಲ್ಲವೂ ನನ್ನ ಸಿ.ಡಿ.ಯ ಸ್ಥಿತಿಯಲ್ಲೇ ಇವೆ. ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಳೆಯ ಸಂಕೇತದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಉಚಿತವಾಗಿ ಸಿಗುತ್ತವೆ. ನನ್ನ ಫೈಲನ್ನು ಅಂಥದೊಂದಕ್ಕೆ ಹಾಕಿದೆ. ತೆರೆಯ ಮೇಲೆ ‘ಮಜ್ಜಿಗೆ ಹುಳಿ’ ಎಂದು ಮೂಡಿದಾಗ ಕಣ್ಣು ಒದ್ದೆಯಾಯಿತು. ಕೆಳಗೆ ಇನ್ನೊಂದು ಹೆಸರು ಮಾತ್ರ ಅರ್ಥವಾಗಲಿಲ್ಲ: ‘ಕಜಿರ್ಕಾಯಿ’. ಎರಡು ಸಲ ಓದಿದ ಮೇಲೆ ಹೊಳೆಯಿತು, ಅದು ಕರ್ಜಿಕಾಯಿ. ನಾವು ಅರ್ಕಾವತ್ತನ್ನು ಅಕ್ಷರದ ಆಮೇಲೆ ಬರೆಯುತ್ತೇವೆ, ಉಚ್ಚರಿಸುವುದು ಮೊದಲು. ಹಳೆಯ ಸಂಕೇತ ಬರೆಯುವ ಕ್ರಮವನ್ನು ಹಿಡಿದಿತ್ತು, ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಆ ಅದಲುಬದಲಿನಲ್ಲಿ ಕರ್ಜಿಕಾಯಿ ಜಾರಿತ್ತು. ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಿದ್ದಿದೆ.

ಆಮೇಲಿನ ಕಷ್ಟ ಅಳತೆಯದು. ತಂತ್ರಾಂಶ ಗ್ರಾಂ ಕೇಳುತ್ತದೆ. ಅಜ್ಜಿಯ ಪುಟದಲ್ಲಿ ಪಾವು, ಚಟಾಕು, ಹಿಡಿ, ಚಿಟಿಕೆ, ಅಡಿಕೆ ಗಾತ್ರದ ಬೆಲ್ಲ, ನಿಂಬೆ ಗಾತ್ರದ ಹುಣಸೆಹಣ್ಣು. ಪಾವಿಗೆ ನಾಲ್ಕು ಚಟಾಕು, ಸೇರಿಗೆ ನಾಲ್ಕು ಪಾವು. ಅಷ್ಟು ಲೆಕ್ಕ ಯಂತ್ರಕ್ಕೆ ಕಲಿಸಬಹುದು. ಹಿಡಿಗೆ ಏನು ಮಾಡುವುದು? ನರಸೀಪುರದಲ್ಲಿರುವ ಚಿಕ್ಕಮ್ಮನ ಹತ್ತಿರ ಹೋದೆ.

“ಹಿಡಿ ಅಂದ್ರೆ ಎಷ್ಟು ಚಿಕ್ಕಮ್ಮ?”

“ನಿಮ್ಮಜ್ಜಿ ಕೈ ಸಣ್ಣದು ಕಣೇ. ನಿನ್ನ ಹಿಡಿಲಿ ಬೇಳೆ ಹಾಕಿದ್ರೆ ಹುಳಿ ಗಟ್ಟಿ ಆಗುತ್ತೆ.”

ಚಿಕ್ಕಮ್ಮನದೂ ಅದೇ ಪುಟ್ಟ ಕೈ. ಡಬ್ಬದಿಂದ ಮೂರು ಸಲ ತೊಗರಿಬೇಳೆ ಹಿಡಿದು ತಕ್ಕಡಿಗೆ ಹಾಕಿದರು. ಮೂರು ಸಲವೂ ಮುಳ್ಳು ಹೆಚ್ಚುಕಡಿಮೆ ಒಂದೇ ಗೀಟಿನ ಮೇಲೆ ನಿಂತಿತು. ಆ ತೂಕವನ್ನು ಬರೆದುಕೊಂಡೆ. ‘ಹಿಡಿ’ ಎಂಬ ಮಾತನ್ನು ಅಳಿಸದೆ ಅದರ ಪಕ್ಕದಲ್ಲೇ ಬರೆದೆ.

‘ಎಷ್ಟು ಜನಕ್ಕೆ’ ಎಂಬ ಖಾನೆಯನ್ನು ನಾನು ಕಿತ್ತುಹಾಕಿದೆ. ನಮ್ಮ ಮನೆಗಳಲ್ಲಿ ಅಡಿಗೆ ಹಿಗ್ಗುವುದು, ಕುಗ್ಗುವುದು ಅಕ್ಕಿಯ ಲೆಕ್ಕದಲ್ಲಿ. ಪಾವಕ್ಕಿಗೆ ಇಷ್ಟು ಬೇಳೆ, ಸೇರಕ್ಕಿ ಅನ್ನಕ್ಕೆ ಇಷ್ಟು ಸಾರು. ಆದ್ದರಿಂದ ಸಾಧಾರಣ ಸ್ಪ್ರೆಡ್‌ಶೀಟಿನಲ್ಲಿ ‘ಅಕ್ಕಿ’ ಎಂಬ ಅಂಕಣ ಮಾಡಿದೆ. ಅದನ್ನು ಬದಲಿಸಿದರೆ ಉಳಿದದ್ದೆಲ್ಲ ಬದಲಾಗುತ್ತದೆ. ಇನ್ನೊಂದು ಅಂಕಣಕ್ಕೆ ‘ಯಾವಾಗ’ ಎಂದು ಹೆಸರು: ಏಕಾದಶಿ, ಶ್ರಾದ್ಧ, ಬಾಣಂತನ, ಜ್ವರ ಬಿಟ್ಟ ಮೇಲೆ, ದೊಡ್ಡ ಜಾತ್ರೆಗೆ ನೆಂಟರು ಬಂದಾಗ. ಮಂಗರಸ ಒಂದು ಅಡಿಗೆಯನ್ನು ಒಂದೇ ಅಧ್ಯಾಯದಲ್ಲಿ ಇಡಬೇಕಾಗಿತ್ತು. ಇಲ್ಲಿ ಮೆಣಸಿನ ಸಾರು ಬಾಣಂತನದಲ್ಲೂ ಸಿಗುತ್ತದೆ, ಜ್ವರದಲ್ಲೂ ಸಿಗುತ್ತದೆ. ಕಂಪ್ಯೂಟರಿನ ನಿಜವಾದ ಉಪಕಾರ ಇದು, ಇದನ್ನು ತುಂಬು ಮನಸ್ಸಿನಿಂದ ಹೇಳುತ್ತೇನೆ.

ಒಂದು ಸಾಲಿನ ಮುಂದೆ ಮಾತ್ರ ಬಹಳ ಹೊತ್ತು ಕೂತೆ. ‘ರಸಬಾಳೆ ರಸಾಯನ’. ಹಣ್ಣು, ಕಾಯಿತುರಿ, ಬೆಲ್ಲ, ಏಲಕ್ಕಿ; ಅಜ್ಜಿ ಹಣ್ಣಿನ ಲೆಕ್ಕ ಬರೆದೇ ಇಲ್ಲ, ‘ಇದ್ದಷ್ಟು’ ಎಂದಿದ್ದಾಳೆ. ಆಗ ಅಷ್ಟು ಸಿಗುತ್ತಿತ್ತು. ಪನಾಮ ಸೊರಗು ರೋಗ ಮಣ್ಣು ಹಿಡಿದ ಮೇಲೆ ದೇವರಸನಹಳ್ಳಿಯ ಸುತ್ತಿನ ರಸಬಾಳೆ ತೋಟಗಳು ಕರಗಿಹೋದವು. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಬೆಳೆಯುವ ಪ್ರಯತ್ನಗಳೂ ನಡೆದಿವೆ. ಆದರೂ ನಮ್ಮೂರ ಹಣ್ಣಿಗಾಗಿ ನಮ್ಮೂರಲ್ಲೇ ಅಂಗಡಿ ಅಂಗಡಿ ಸುತ್ತಬೇಕು. ಆ ಖಾನೆಯಲ್ಲಿ ‘ಇದ್ದಷ್ಟು’ ಎಂದೇ ಬಿಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಹಳೆಯ ಸಿ.ಡಿ., ಪೆನ್‌ಡ್ರೈವ್, ಧೂಳು ಹಿಡಿದ ಕಂಪ್ಯೂಟರ್ ಇರಬಹುದು. ಈ ವಾರವೇ ತೆಗೆದು ನೋಡಿ. ಗೋಜಲು ಕಂಡರೆ ಅಳಿಸಬೇಡಿ, ಅದರೊಳಗೆ ಕನ್ನಡವಿದೆ. ಯೂನಿಕೋಡಿಗೆ ಬದಲಿಸಿ, ಎರಡು ಕಡೆ ಉಳಿಸಿ. ಬರೆದವರು ಬದುಕಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಅವರ ಹಿಡಿಯನ್ನು ತೂಗಿ. ನೋಟ್‌ಬುಕ್ಕನ್ನು ಮಾತ್ರ ದಯವಿಟ್ಟು ರದ್ದಿಗೆ ಹಾಕಬೇಡಿ.