ಕನ್ವರ್‌ಲಾಲನ ಜಿಲ್ಲೆಯಲ್ಲಿ ಮುತ್ತಣ್ಣನ ಪಾಠ!

ಚಿತ್ರರಸಿಕರೇ, ನಮ್ಮ ಮಂಡ್ಯ ಜಿಲ್ಲೆಯ ಯಾವ ಬಸ್ ಸ್ಟ್ಯಾಂಡಲ್ಲಾದ್ರೂ ನಿಂತು ‘ಪೊಲೀಸ್ ಪಿಕ್ಚರ್ ಅಂದ್ರೆ ಯಾವುದ್ರಪ್ಪಾ?’ ಅಂತ ಕೇಳಿ ನೋಡಿ. ‘ಅಂತ’ ಅಂತಾನೇ ಅಂತಾರೆ! ಬಸರಾಳಿನಲ್ಲಿ ನಾನು ಕೇಳಿದಾಗಲೂ ಅದೇ ಉತ್ತರ. ಟೀ ಅಂಗಡಿ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು, ‘ಅಂಬರೀಷಣ್ಣ ಬುಟ್ರೆ ಇನ್ಯಾವನ್ಲಾ ಇನ್ಸ್‌ಪೆಕ್ಟ್ರು?’ ಅಂತ ನನಗೇ ವಾಪಸ್ ಎಸೆದರು.

ತಪ್ಪೇನಿಲ್ಲ ಬಿಡಿ. ಮದ್ದೂರು ತಾಲೂಕಿನ ದೊಡ್ಡರಸಿನಕೆರೆ ಹುಡುಗ, 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನಾಗಿ ಬಂದು ಹೋದವನು, 1981ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ದಲ್ಲಿ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಮತ್ತು ಪಾತಕಿ ಕನ್ವರ್‌ಲಾಲ್, ಎರಡೂ ಆಗಿ ಬೆಳ್ಳಿತೆರೆಗೆ ಬೆಂಕಿ ಹಚ್ಚಿದ. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ಜಿ.ಕೆ. ವೆಂಕಟೇಶ್ ಸಂಗೀತ. ಬಾಬು ಅವರೇ ಇದನ್ನು ಜಿತೇಂದ್ರನನ್ನು ಹಾಕಿಕೊಂಡು ‘ಮೇರಿ ಆವಾಜ್ ಸುನೋ’ ಅಂತ ಹಿಂದಿಗೂ ಒಯ್ದರು. ಆ ಉಗುರು ಕೀಳುವ ಸೀನು... ಅಬ್ಬಾ! ನೋಡಿದವರು ಇವತ್ತಿಗೂ ಬೆರಳು ಮಡಚಿಕೊಳ್ಳುತ್ತಾರೆ.

ಆದರೆ ಒಂದು ಮಾತು ಹೇಳ್ತೀನಿ, ಅಭಿಮಾನಿಗಳು ಕಲ್ಲು ಹೊಡೀಬೇಡಿ. ‘ಅಂತ’ದ ಸುಶೀಲ್ ಕುಮಾರ್ ಒಂಟಿ. ವೇಷ ಹಾಕಿಸಿ ಹುಲಿಯ ಗವಿಗೆ ಕಳಿಸೋಕೆ ಮೇಲಿನವರು ಇದ್ದರು. ಒಳಗೆ ಸಿಕ್ಕಿಬಿದ್ದಾಗ ಕೈ ಹಿಡಿಯೋರು ಒಬ್ಬರಿದ್ದರಾ? ಆಮೇಲೆ ಬಂದ ಖಾಕಿ ನಾಯಕರದ್ದೂ ಇದೇ ಕಥೆ. 1988ರ ‘ಸಾಂಗ್ಲಿಯಾನ’ದ ಶಂಕರ್‌ನಾಗ್ ಆಗಲಿ, 1996ರ ‘ಪೊಲೀಸ್ ಸ್ಟೋರಿ’ಯ ಸಾಯಿಕುಮಾರ್ ಆಗಲಿ, ಬಂದರು, ಗುಡುಗಿದರು, ನಾವು ಶಿಳ್ಳೆ ಹೊಡೆದೆವು. ಇವರಿಗೆ ಕೆಲಸ ಕಲಿಸಿದ ಗುರು ಯಾರು? ಇವರು ಯಾರಿಗೆ ಕಲಿಸಿ ಹೋದರು? ಕ್ಯಾಮೆರಾ ಆ ಕಡೆ ತಿರುಗಲೇ ಇಲ್ಲ.

ತಿರುಗಿಸಿದವರು ಹೇಮಂತ್ ರಾವ್. ಚಿತ್ರ ‘ಕವಲುದಾರಿ’. ತೆರೆಕಂಡದ್ದು 2019ರ ಏಪ್ರಿಲ್ 12ರಂದು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಮೊಟ್ಟಮೊದಲ ಚಿತ್ರ. ಆಗ ನಮ್ಮ ಜಿಲ್ಲೆ ಹುಡುಗರ ಕಣ್ಣು ಪರದೆ ಮೇಲೆ ಎಲ್ಲಿತ್ತು ಹೇಳಿ! ಅಂಬರೀಷ್ ತೀರಿಕೊಂಡು ಐದು ತಿಂಗಳು ಆಗಿರಲಿಲ್ಲ. ಏಪ್ರಿಲ್ 18ಕ್ಕೆ ಲೋಕಸಭೆ ಮತದಾನ. ಕಣದಲ್ಲಿ ಸುಮಲತಾ, ಎದುರಿಗೆ ನಿಖಿಲ್, ತೆರೆದ ಜೀಪಿನಲ್ಲಿ ದರ್ಶನ್, ಯಶ್. ಪಿಕ್ಚರು ಬೀದಿಯಲ್ಲೇ ಓಡ್ತಿರುವಾಗ ಟಾಕೀಸಿಗೆ ಯಾರು ಹೋಗ್ತಾರೆ? ಸಂಜಯ ಸರ್ಕಲ್, ಮಹಾವೀರ ಸರ್ಕಲ್ ಅಂತ ಟಾಕೀಸಿನ ಹೆಸರಲ್ಲೇ ಸರ್ಕಲ್ ಗುರುತಿಸೋ ಊರು ನಮ್ಮ ಮಂಡ್ಯ. ಆದರೂ ಈ ಚಿತ್ರ ನಮ್ಮ ಕಡೆ ಬಹಳ ಜನರ ಕಣ್ಣು ತಪ್ಪಿಸಿಕೊಂಡಿತು.

ಕಥೆ ಇಷ್ಟು. ಶ್ಯಾಮ್ (ರಿಷಿ) ಬೆಂಗಳೂರಿನಲ್ಲಿ ಟ್ರಾಫಿಕ್ ಸಬ್ ಇನ್ಸ್‌ಪೆಕ್ಟರ್. ಹೊಗೆ ಕುಡಿಯೋದು, ಸೀಟಿ ಊದೋದು ಅವನ ಪಾಡು; ಆಸೆ ಮಾತ್ರ ಕ್ರೈಂ ಬ್ರಾಂಚಿನದು. ಮೆಟ್ರೋ ಕಾಮಗಾರಿಗೆ ನೆಲ ಅಗೆಯುವಾಗ ಮನುಷ್ಯರ ಮೂಳೆಗಳು ಸಿಗುತ್ತವೆ. ಎಷ್ಟೋ ವರ್ಷದ ಹಿಂದಿನ ಕೇಸು, ಯಾರಿಗೂ ಬೇಡ. ‘ನಿನಗ್ಯಾಕಯ್ಯಾ?’ ಅನ್ನುವ ಮೇಲಧಿಕಾರಿಗಳ ಕಣ್ಣು ತಪ್ಪಿಸಿ ಶ್ಯಾಮ್ ಹುಡುಕುತ್ತಾ ಹೋದರೆ ಸಿಗೋದು ಮುತ್ತಣ್ಣ. ಅದೇ ಕೇಸನ್ನು ಹಿಂದೆ ಹಿಡಿದು, ಬಿಡಿಸಲಾಗದೆ, ನಿವೃತ್ತನಾಗಿ, ಬಾಟಲಿಗೆ ಶರಣಾದ ಪೊಲೀಸ್. ಪಾತ್ರ ಅನಂತ್‌ನಾಗ್ ಅವರದು... ಮುಂದೆ ಹೇಳಬೇಕೇ! ಅಣ್ಣಾವ್ರ ಮಗನ ದುಡ್ಡು, ಶಂಕರ್‌ನಾಗ್ ಅಣ್ಣನ ಅಭಿನಯ!

ಈ ಮುತ್ತಣ್ಣ ಗೆದ್ದವನಲ್ಲ ನೋಡಿ, ಸೋತವನು. ಮೊದಮೊದಲು ಹುಡುಗನನ್ನು ಬಾಗಿಲಲ್ಲೇ ಗದರಿಸಿ ಕಳಿಸುವ ಆಸಾಮಿ. ಆಮೇಲೆ ಗಡ್ಡ ಕೆರೆದುಕೊಂಡು ಹಳೇ ಫೈಲಿನ ಮಾತು ತೆಗೆಯುತ್ತಾನೆ. ಯಾವ ಸಾಕ್ಷಿಯನ್ನು ನಂಬಬಹುದು, ಯಾವನು ಸುಳ್ಳು ಹೇಳ್ತಿದಾನೆ, ದೊಡ್ಡವರ ಬಾಗಿಲು ಬಡಿಯೋಕೆ ಮುಂಚೆ ಕೈಯಲ್ಲಿ ಏನಿರಬೇಕು ಅನ್ನೋದು ಅವನಿಗೆ ಗೊತ್ತು. ತಾನು ಎಲ್ಲಿ ಎಡವಿದೆ ಅನ್ನೋದನ್ನೇ ಪಾಠ ಮಾಡಿ ಹುಡುಗನ ಕೈಗಿಡುತ್ತಾನೆ. ಫೈಟು ಕಡಿಮೆ, ಐಟಂ ಸಾಂಗು ಬೇಕಂದ್ರೆ ಬೇರೆ ಟಾಕೀಸಿಗೆ ಹೋಗಿ. ಇಂಟರ್‌ವಲ್ಲಿಗೆ ಮುಂಚೆ ಸ್ವಲ್ಪ ಎಳೆದಿದ್ದಾರೆ ಅನ್ನೋದು ನನ್ನ ದೂರು. ಆದರೆ ಇಬ್ಬರು ಪೊಲೀಸರು ಎದುರುಬದುರು ಕೂತು ಯೋಚನೆ ಮಾಡೋದನ್ನು ಇಷ್ಟು ಹೊತ್ತು ತೋರಿಸಿದ ಕನ್ನಡ ಚಿತ್ರ ನಾನು ಇನ್ನೊಂದು ನೋಡಿಲ್ಲ. ತಮಿಳಿನವರೂ ತೆಲುಗಿನವರೂ 2021ರಲ್ಲಿ ಈ ಕಥೆ ಎತ್ತಿಕೊಂಡು ಹೋದರು.

ಬಸರಾಳಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಅದೇ ಬೆಂಚಿನ ತುದಿಯಲ್ಲಿ ಇನ್ನೊಬ್ಬ ಹುಡುಗ ಕೂತಿದ್ದ, ಕಂಕುಳಲ್ಲಿ ಜನರಲ್ ನಾಲೆಡ್ಜ್ ಪುಸ್ತಕ. ಬೆಳಗಿನ ಜಾವ ಕಬ್ಬಿನ ಗದ್ದೆ ಏರಿ ಮೇಲೆ ಓಟ, ಸಂಜೆ ಗುಂಡು ಎಸೆತ. ಪಿಎಸ್‌ಐ ಆಗುವ ಆಸೆ. 2021ರ ಅಕ್ಟೋಬರ್ 3ರಂದು 545 ಹುದ್ದೆಗೆ ಪರೀಕ್ಷೆ ಬರೆದ 54 ಸಾವಿರಕ್ಕೂ ಹೆಚ್ಚು ಜನರಲ್ಲಿ ಇವನೂ ಒಬ್ಬ. ಆಮೇಲೆ ನಡೆದದ್ದು ಯಾವ ಕ್ರೈಂ ಥ್ರಿಲ್ಲರಿಗೂ ಕಡಿಮೆಯಿಲ್ಲ. ಓಎಂಆರ್ ಶೀಟು ತಿದ್ದಿದ ಆರೋಪ, ಬ್ಲೂಟೂತ್ ಆರೋಪ, ಸಿಐಡಿ ತನಿಖೆ. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ ಸಿಐಡಿ ಬಂಧಿಸಿತು! ಪೊಲೀಸರನ್ನು ಆರಿಸುವ ಕಡೆಯೇ ಪೊಲೀಸರ ಕೈಗೆ ಕೋಳ. ‘ಅಂತ’ ಬರೆದವರೂ ಇದನ್ನು ಊಹಿಸಿರಲಿಲ್ಲ.

ಹುಡುಗ ನ್ಯಾಯವಾಗಿ ಬರೆದಿದ್ದ. ಆದರೂ ಮರುಪರೀಕ್ಷೆಗೆ 2024ರ ಜನವರಿ 23ರವರೆಗೆ ಕಾಯಬೇಕಾಯಿತು. ‘ಎರಡು ವರ್ಷ ಹಾಳಾಯ್ತಲ್ಲಾ, ಬಿಟ್ಟುಬಿಡಬೇಕು ಅನ್ನಿಸಲಿಲ್ವಾ?’ ಅಂದೆ.

‘ಬುಟ್ಟೇ ಬುಟ್ಟಿದ್ದೆ ಕಣಣ್ಣ. ಆಲೆಮನೆ ಕೆಲ್ಸಕ್ಕೂ ಹೋದೆ. ನಮ್ಮ ಪಕ್ಕದ ಬೀದೀಲಿ ರಿಟೈರ್ಡು ದಫೇದಾರ್ ಮಾವ ಒಬ್ರವ್ರೆ. ಅವ್ರೇ ಮನೆಗ್ ಬಂದು ಬೈದ್ರು. ದಿನಾ ರಾತ್ರಿ ಕೂರಿಸ್ಕಂಡು ಎಫ್‌ಐಆರ್ ಹೆಂಗ್ ಬರೀತಾರೆ, ಮಹಜರು ಹೆಂಗ್ ಮಾಡ್ತಾರೆ, ಎಲ್ಲಾ ಹೇಳ್ಕೊಟ್ರು.’

‘ಪಾಸಾದೆಯಾ?’

‘ಇಲ್ಲ. ಸ್ವಲ್ಪದ್ರಲ್ಲಿ ತಪ್ತು. ಮುಂದಿನ್ದಕ್ಕೆ ಓದ್ತಾ ಇವ್ನಿ.’ ಮುಖದಲ್ಲಿ ಬೇಜಾರಿತ್ತು, ಆದರೆ ಪುಸ್ತಕ ಕಂಕುಳಿಂದ ಇಳಿದಿರಲಿಲ್ಲ.

ಆಗ ನನಗೆ ‘ಕವಲುದಾರಿ’ ಹೇಳದೆ ಇರಲು ಆಗಲಿಲ್ಲ. ಅಂಬರೀಷಣ್ಣನ ಅಭಿಮಾನಿ ಹಿರಿಯರು ಟೀ ಲೋಟ ಇಟ್ಟು ಕೇಳಿಸಿಕೊಂಡರು. ‘ಅಂಬರೀಷಣ್ಣಂಗೂ ಪುಟ್ಟಣ್ಣ ಇದ್ರು ಕಣಪ್ಪಾ’ ಅಂದರು ಕೊನೆಗೆ. ನಿಜವೇ! ಜಲೀಲನನ್ನು ಕೊಟ್ಟ ಪುಟ್ಟಣ್ಣ ಕಣಗಾಲ್, ಆಮೇಲೆ ‘ಶುಭಮಂಗಳ’, ‘ಪಡುವಾರಹಳ್ಳಿ ಪಾಂಡವರು’, ‘ರಂಗನಾಯಕಿ’ ಅಂತ ಮತ್ತೆ ಮತ್ತೆ ಕರೆದು ತಿದ್ದಿದರು. ಆ ಸಿಗರೇಟು ಎಸೆಯೋ ಹುಡುಗ ಸುಮ್ಮನೆ ಸುಶೀಲ್ ಕುಮಾರ್ ಆಗಲಿಲ್ಲ. ಟೀ ಅಂಗಡಿ ಬೆಂಚಿನಿಂದ ನನಗೇ ಪಾಠ!

ಅಷ್ಟರಲ್ಲಿ ಮಂಡ್ಯ ಬಸ್ಸು ಬಂತು. ಹುಡುಗ ಫುಟ್‌ಬೋರ್ಡ್ ಹತ್ತಿ ತಿರುಗಿದ.

‘ಅಣ್ಣಾ, ಕೊನೇಲಿ ಶ್ಯಾಮ್‌ಗೆ ಕ್ರೈಂ ಬ್ರಾಂಚ್ ಸಿಕ್ತದಾ?’

‘ಹೇಳಲ್ಲ ಹೋಗ್ಲಾ, ನೋಡ್ಕೋ!’ ಅಂದೆ.

‘ಮಾವನ್ನೂ ಕೂರಿಸ್ಕಂಡು ನೋಡ್ತೀನಿ’ ಅಂದ. ಕಂಡಕ್ಟರ್ ರೈಟ್ ಹೇಳಿದ.